ಮಹಜರಿಲ್ಲದ ಕೊಲೆ, ನೋಟಿಸಿಲ್ಲದ ಮದುವೆ

ರಾತ್ರಿ ಊಟದ ಹೊತ್ತಿಗೆ ದಾವಣಗೆರೆಯ ಮನೆಗಳಲ್ಲಿ ಟಿವಿ ಮುಂದೆ ಎರಡು ಪಕ್ಷ ಇರುತ್ತವೆ. ಕಥೆ ನೋಡುವವರದು ಒಂದು, ಗಡಿಯಾರ ನೋಡುವವರದು ಇನ್ನೊಂದು. ಜಗಳ ಹುಟ್ಟುವುದು ಎರಡನೆಯವರಿಂದ. "ಅದ್ಹೆಂಗ್ರೀ, ಬೆಳಿಗ್ಗೆ ಹೆಣ ಸಿಕ್ತು, ಮಧ್ಯಾಹ್ನ ಡಿಎನ್‌ಎ ರಿಪೋರ್ಟ್ ಬಂತು?" ಎಂದು ಬಾಯಿ ತೆಗೆದರೆ ಸಾಕು, ಅಡುಗೆಮನೆಯಿಂದಲೇ ಉತ್ತರ ಬರುತ್ತದೆ: "ಸುಮ್ನೆ ನೋಡ್ರಿ, ಇಲ್ಲಾಂದ್ರೆ ಎದ್ದು ಹೋಗ್ರಿ." ಆದರೆ ಗಡಿಯಾರದ ಪಕ್ಷದವರು ಹೇಳುವುದರಲ್ಲಿ ಹುರುಳಿದೆ. ಕ್ರೈಮ್ ಧಾರಾವಾಹಿಯಾಗಲಿ, ಪ್ರೇಮದ ಸಿನಿಮಾ ಆಗಲಿ, ಕದಿಯುವುದು ಸಮಯವನ್ನೇ. ಎರಡು ಕಳ್ಳತನಕ್ಕೂ ಒಂದೇ ಶಿಕ್ಷೆ ಕೊಡಬೇಕೇ ಎಂಬುದಷ್ಟೇ ಪ್ರಶ್ನೆ.

ಮೊದಲು ಕೊಲೆ. ಧಾರಾವಾಹಿಯಲ್ಲಿ ಹೆಣ ಬಿದ್ದ ಐದನೇ ನಿಮಿಷಕ್ಕೆ ಪೊಲೀಸ್ ಕಮಿಷನರ್ ಖುದ್ದಾಗಿ ಬರುತ್ತಾರೆ, ಕಪ್ಪು ಕನ್ನಡಕದ ಸಮೇತ. ಈ ಊರಲ್ಲಿ ಹಾಗೆ ಕರೆದರೆ ಬರುವವರು ಮಹಾನಗರ ಪಾಲಿಕೆ ಕಮಿಷನರ್. ಹೆಚ್ಚೆಂದರೆ ಚರಂಡಿ ಸ್ವಚ್ಛವಾದೀತು. ಇಲ್ಲಿ ಪೊಲೀಸರ ಮುಖ್ಯಸ್ಥರು ಎಸ್‌ಪಿ, ಅವರ ಮೇಲೆ ಪೂರ್ವ ವಲಯದ ಐಜಿಪಿ. ಇನ್ನು ಕೊಲೆ ಕೇಸಿನ ಕಡತ ಹೊತ್ತು ಓಡಾಡುವವರು ಇನ್‌ಸ್ಪೆಕ್ಟರ್, ಬರೆಯುವವರು ಠಾಣೆಯ ರೈಟರ್. ಈ ರೈಟರ್ ಎಂಬ ಪಾತ್ರವೇ ಇಲ್ಲದ ಪೊಲೀಸ್ ಧಾರಾವಾಹಿಯನ್ನು ನಂಬುವುದಾದರೂ ಹೇಗೆ?

ಆಮೇಲೆ ನಾಯಕ ಹೆಣದ ಹಣೆ ಮುಟ್ಟಿ, "ಮೈ ತಣ್ಣಗಾಗಿದೆ. ಸತ್ತು ಆರು ಗಂಟೆ ಆಗಿದೆ" ಎನ್ನುತ್ತಾನೆ. ಸತ್ತ ದೇಹ ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ತಣಿಯುತ್ತದೆ ಎಂಬ ಲೆಕ್ಕ ತಂಪು ದೇಶದ ಪುಸ್ತಕಗಳದ್ದು. ಬದುಕಿದ ಮೈ 37 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಬಿಸಿಲು 38ರ ಆಸುಪಾಸು. ಹೆಣ ತಣಿಯುವುದು ಎಲ್ಲಿಂದ ಬಂತು? ಸುತ್ತಲಿನ ಗಾಳಿ ಮೈಗಿಂತ ಬಿಸಿಯಿದ್ದಾಗ ಈ ಲೆಕ್ಕ ಕೈಕೊಡುತ್ತದೆ. ಹೆಣ ಸೆಟೆಯುವುದನ್ನು ನೋಡೋಣವೆಂದರೆ ಅದೂ ಸೆಕೆಗೆ ಬೇಗ ಶುರುವಾಗಿ ಬೇಗ ಇಳಿಯುತ್ತದೆ. ಹಾಗಾಗಿ ವೈದ್ಯರು ಒಂದು ಲಕ್ಷಣವನ್ನೇ ನೆಚ್ಚದೆ, ರಕ್ತ ಕೆಳಗಿಳಿದು ನಿಂತ ಕಲೆ, ಹೊಟ್ಟೆಯಲ್ಲಿರುವ ಊಟ, ಕೊನೆಯ ಬಾರಿ ನೋಡಿದವರ ಮಾತು ಎಲ್ಲವನ್ನೂ ಸೇರಿಸಿ "ಇಷ್ಟರಿಂದ ಇಷ್ಟರೊಳಗೆ" ಎನ್ನುತ್ತಾರೆ. ಅಂದಹಾಗೆ ಹೆಣದ ಉಷ್ಣಾಂಶ ನೋಡಲು ಥರ್ಮಾಮೀಟರ್ ಇಡುವ ಜಾಗ ಹಣೆಯಲ್ಲ. ನಿಜವಾದ ಜಾಗವನ್ನು ಊಟದ ಹೊತ್ತಿಗೆ ತೋರಿಸದೆ ಇರುವುದು ಧಾರಾವಾಹಿಯವರ ದೊಡ್ಡ ಉಪಕಾರ.

ನಂತರ ನಡೆಯಬೇಕಾದದ್ದು ಮಹಜರು. ಇದನ್ನು ಯಾರೂ ತೋರಿಸುವುದಿಲ್ಲ, ಯಾಕೆಂದರೆ ಇದರಲ್ಲಿ ಹಿನ್ನೆಲೆ ಸಂಗೀತಕ್ಕೆ ಜಾಗವಿಲ್ಲ. ಸಾಕ್ಷಿಗಳಾಗಿ ನಿಲ್ಲುವ ಇಬ್ಬರು ಪಂಚರನ್ನು ಹುಡುಕಬೇಕು. ಹುಡುಕುವುದೇ ಒಂದು ತನಿಖೆ: ಅಲ್ಲಿವರೆಗೆ ಕತ್ತು ಚಾಚಿ ನಿಂತಿದ್ದ ಜನ "ಪಂಚರು ಬೇಕಿತ್ತಲ್ಲಪ್ಪಾ" ಎಂದೊಡನೆ ಹೊಲದಲ್ಲಿ ನೀರು ಬಿಟ್ಟು ಬಂದಿರುವುದನ್ನು ನೆನೆಸಿಕೊಳ್ಳುತ್ತಾರೆ. ಸಿಕ್ಕವರ ಎದುರು ಜಾಗದ ಉದ್ದಗಲ, ಸಿಕ್ಕ ವಸ್ತು, ದಿಕ್ಕು, ದೂರ ಎಲ್ಲ ಬರೆದು, ವಸ್ತುಗಳನ್ನು ಕಟ್ಟಿ, ಅರಗಿನ ಮುದ್ರೆ ಹಾಕಿ, ಚೀಟಿಗೆ ಸಹಿ ತೆಗೆದುಕೊಳ್ಳಬೇಕು. ನಾಯಕ ಮಾತ್ರ ರಕ್ತದ ಚಾಕುವನ್ನು ಕರ್ಚೀಫಿನಲ್ಲಿ ಎತ್ತಿ ಜೇಬಿಗಿಡುತ್ತಾನೆ. ಬೆರಳಚ್ಚು ಕರ್ಚೀಫಿಗೇ ಒರೆಸಿಹೋಗುತ್ತದೆ, ಮುದ್ರೆ ಹಾಕದ ಚಾಕುವಿನ ಮೇಲೆ ಕೋರ್ಟಿನಲ್ಲಿ ವಕೀಲರ ಮೊದಲ ಪ್ರಶ್ನೆ "ಇದು ಅದೇ ಚಾಕು ಅಂತ ಹೆಂಗೆ ಹೇಳ್ತೀರಿ?" ಇನ್ನು ಡಿಎನ್‌ಎ: ದಾವಣಗೆರೆಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ ನಿಜ, ಆದರೆ ಮಾದರಿ ಎಲ್ಲಿಗೇ ಹೋದರೂ ಅದನ್ನು ಬೇರ್ಪಡಿಸಿ, ಹಲವು ಪಟ್ಟು ಬೆಳೆಸಿ, ಓದುವುದಕ್ಕೆ ಗಂಟೆಗಳಲ್ಲ, ದಿನಗಳು ಬೇಕು. ಸರದಿ ಬರಲು ಎಷ್ಟು ಬೇಕೆಂಬುದು ಬೇರೆ ಮಾತು.

ಸಣ್ಣಪುಟ್ಟ ಸುಳ್ಳುಗಳನ್ನು ಬೇಗ ಮುಗಿಸೋಣ. ಕ್ಲೋರೋಫಾರ್ಮ್ ಬಟ್ಟೆ ಮೂಗಿಗಿಟ್ಟ ಕೂಡಲೇ ಯಾರೂ ಬೀಳುವುದಿಲ್ಲ. ಹಲವು ನಿಮಿಷ ಬಿಡದೆ ಉಸಿರಾಡಬೇಕು, ಅಷ್ಟರಲ್ಲಿ ಓಣಿಯೆಲ್ಲ ಸೇರಿರುತ್ತದೆ. ಸೈಲೆನ್ಸರ್ ಹಾಕಿದ ಪಿಸ್ತೂಲು "ಪುಸ್" ಎನ್ನುವುದಿಲ್ಲ. ಗುಂಡಿನ ಸದ್ದು ಇಳಿಯುವುದು 20–35 ಡೆಸಿಬೆಲ್, ಉಳಿದ ಸದ್ದಿಗೆ ಪಕ್ಕದ ಮನೆಯವರು ಎದ್ದು ಕೂರುತ್ತಾರೆ. ಸಿಸಿ ಕ್ಯಾಮೆರಾದಲ್ಲಿ ಇಪ್ಪತ್ತು ಚುಕ್ಕಿಯಷ್ಟಿರುವ ಮುಖವನ್ನು ಎಷ್ಟು ಹಿಗ್ಗಿಸಿದರೂ ಸಿಗುವುದು ದೊಡ್ಡ ದೊಡ್ಡ ಇಪ್ಪತ್ತು ಚೌಕ.

ಆದರೆ ಕ್ಷಮಿಸಲಾಗದ್ದು ಕೊನೆಯ ದೃಶ್ಯ. ಇನ್‌ಸ್ಪೆಕ್ಟರ್ ಮೇಜು ಗುದ್ದುತ್ತಾನೆ, ಖಳ ಬೆವರುತ್ತಾನೆ, "ಹೌದು, ನಾನೇ ಕೊಂದೆ!" ಎಂದು ಹತ್ತು ನಿಮಿಷ ಮಾತಾಡುತ್ತಾನೆ. ಮನೆಮಂದಿ ಕೇಸು ಮುಗಿಯಿತೆಂದು ಏಳುತ್ತಾರೆ. ಕೇಸು ಕೆಟ್ಟಿರುವುದು ಅಲ್ಲೇ! ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 25ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23. "ಚಾಕು ಹಳ್ಳದ ಪೊದೆಯಲ್ಲಿದೆ" ಎಂದು ಅವನು ಹೇಳಿ, ಅದರಿಂದಲೇ ಚಾಕು ಸಿಕ್ಕರೆ ಅಷ್ಟು ಮಾತು ಮಾತ್ರ ನಿಲ್ಲುತ್ತದೆ. ಉಳಿದ ಒಂಬತ್ತೂವರೆ ನಿಮಿಷದ ಅಭಿನಯ ವ್ಯರ್ಥ. ಜೊತೆಗೆ 2024ರ ಜುಲೈ 1ರಿಂದ ಆದ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ. ನಾಯಕರು ಇನ್ನೂ ಹಳೆಯ ಐಪಿಸಿಯ "ತ್ರೀ ನಾಟ್ ಟೂ" ಬಿಟ್ಟಿಲ್ಲ. ಪಾಪ, 103ಕ್ಕೆ ಆ ಗತ್ತಿಲ್ಲ.

ನಿಜವಾದ ತನಿಖೆಯಲ್ಲಿ ರೋಮಾಂಚನ ಇಲ್ಲ ಎಂದಲ್ಲ. ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ 2020ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ವಾಸನೆಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿತ್ತು. ಧಾರಾವಾಹಿಯ ನಾಯಿ ಗೇಟಿನವರೆಗೆ ಹೋಗಿ ಬೊಗಳಿ ಹಿಂದಿರುಗುತ್ತದೆ. ಓಡಿಸಿದರೆ ಕ್ಯಾಮೆರಾದವರೂ ಓಡಬೇಕಲ್ಲ!

ಕೊಲೆಗಾರ ಯಾರೆಂದು ಮೊದಲೇ ಹೇಳಿ ಬೈಸಿಕೊಳ್ಳುವ ಹುಮ್ಮಸ್ಸಿದ್ದವರು ಪುರಾವೆ ನೋಡಬೇಕಾಗಿಲ್ಲ, ಪಾತ್ರಧಾರಿಯನ್ನು ನೋಡಿದರೆ ಸಾಕು. ಹೆಸರಾಂತ ನಟರೊಬ್ಬರು ಕಾಫಿ ತಂದುಕೊಡುವ ಎರಡು ಮಾತಿನ ಪಾತ್ರದಲ್ಲಿದ್ದರೆ ಅವರೇ. ಇದನ್ನು ಜಾಹೀರಾತಿನ ಹೊತ್ತಿಗೇ ಹೇಳಿ ಮುಗಿಸಬೇಕು. ಮಂಡಕ್ಕಿ ಕಲಸುವುದೂ ಆಗಲೇ. ಈರುಳ್ಳಿ, ಟೊಮೆಟೊ ಬಿದ್ದ ಮೇಲೆ ಹತ್ತು ನಿಮಿಷಕ್ಕೆ ಮಂಡಕ್ಕಿ ಮೆತ್ತಗಾಗುತ್ತದೆ. ಮೊದಲೇ ಕಲಸಿಟ್ಟರೆ ಕೊಲೆಗಾರ ಸಿಕ್ಕುವಷ್ಟರಲ್ಲಿ ಮಿರ್ಚಿಯೊಂದೇ ಗತಿ.

ಪ್ರೇಮದ ಸಿನಿಮಾಗಳಿಗೆ ಇಷ್ಟು ಕಠಿಣ ವಿಚಾರಣೆ ಬೇಡ. ತನಿಖೆಯ ಕಥೆ ತರ್ಕ ಕೊಡುತ್ತೇನೆಂದು ಮಾತು ಕೊಟ್ಟಿರುತ್ತದೆ, ಪ್ರೇಮಕಥೆ ಹಾಗೇನೂ ಮಾತು ಕೊಟ್ಟಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ 1972ರ 'ನಾಗರಹಾವು' ಚಿತ್ರೀಕರಣವಾದಾಗಿನಿಂದ ಆ ಬಂಡೆಗಳ ಮೇಲೆ ಪ್ರೀತಿ ಮಾಡುವುದು ನಾಯಕರ ಹಕ್ಕು. ಆದರೆ ಏಪ್ರಿಲ್‌ನ ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಆ ಬಂಡೆಯ ಮೇಲೆ ಕೂತು ಹಾಡುವವರಿಗೆ ಎರಡನೇ ಚರಣ ಇರುವುದಿಲ್ಲ. ಕೈಯಲ್ಲಿ ತಿಂಡಿಯ ಕವರ್ ಹಿಡಿದು ಪ್ರೇಮನಿವೇದನೆಗೆ ಹೋದರೆ ಮೊದಲ ಪ್ರತಿಕ್ರಿಯೆ ಕೋತಿಯದು. ಇನ್ನು ಮಳೆಯಲ್ಲೇ ಪ್ರೀತಿ ಹೇಳುವ ಹಟದ ನಾಯಕ ಹಿರಿಯೂರಿನವನಾದರೆ ಕಷ್ಟ: 1933ರಲ್ಲಿ ಕೋಡಿ ಬಿದ್ದ ಅಲ್ಲಿನ ಅಣೆಕಟ್ಟು ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ರೈಲಿನ ಕ್ಲೈಮ್ಯಾಕ್ಸ್‌ಗೆ ಮಾತ್ರ ಹೊಸ ಉಪಾಯ ಹುಡುಕಲೇಬೇಕು. ನಾಯಕ ಓಡುವುದು, ನಾಯಕಿ ಬಾಗಿಲಲ್ಲಿ ನಿಂತು ಕೈ ಚಾಚುವುದು ಹಳೆಯ ಬೋಗಿಗಳ ಕಥೆ. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುವುದು ಒಂದೆರಡು ನಿಮಿಷ. ಹೊರಡುವ ಮೊದಲೇ ಬಾಗಿಲು ತಾನೇ ಮುಚ್ಚುತ್ತದೆ. ನಾಯಕಿ ಗಾಜಿನೊಳಗಿಂದ ಕೈ ಬೀಸಬಹುದು, ಅಷ್ಟೆ. ವಿಮಾನ ನಿಲ್ದಾಣಕ್ಕೇ ಹೋಗುತ್ತೇನೆಂದರೆ ಹೆಬ್ಬಾಳು, ಗುಯಿಲಾಳು ಟೋಲ್ ದಾಟಿಕೊಂಡು ಬೆಂಗಳೂರು ಮುಟ್ಟಲು 260 ಕಿಲೋಮೀಟರು. ಹೋಗಿ ನಿಂತರೂ ಟಿಕೆಟ್ ಇಲ್ಲದವನನ್ನು ಬಾಗಿಲ ಭದ್ರತಾ ಸಿಬ್ಬಂದಿ ಒಳಗೆ ಬಿಡುವುದಿಲ್ಲ.

ಕೊನೆಗೆ ರಿಜಿಸ್ಟರ್ ಮದುವೆ. ಜಾತಿ, ಧರ್ಮ ಬೇರೆಯಾದ ಪ್ರೇಮಿಗಳು ಸಂಜೆ ನಾಲ್ಕಕ್ಕೆ ಓಡಿಬಂದು, ಕಚೇರಿಯಲ್ಲಿ ಸಹಿ ಹಾಕಿ, ನಾಲ್ಕೂವರೆಗೆ ಹಾರ ಹಾಕಿಕೊಳ್ಳುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ನೋಟಿಸ್ ಕೊಟ್ಟ ಮೇಲೆ ಅದು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ 30 ದಿನ ತೂಗುತ್ತದೆ, ಆಕ್ಷೇಪ ಇದ್ದವರು ಹೇಳಲಿ ಎಂದು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ಸಾಕ್ಷಿಗಳು ಮೂವರು, ಸಿನಿಮಾದ ನಾಯಕನಿಗಿರುವುದು ಒಬ್ಬನೇ ಹಾಸ್ಯನಟ ಗೆಳೆಯ. ಉಳಿದಿಬ್ಬರನ್ನು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹುಡುಕಬೇಕು, ಅಲ್ಲಿ ನಿಂತವರಲ್ಲಿ ಒಬ್ಬರಾದರೂ ಹುಡುಗಿಯ ಸೋದರಮಾವನಿಗೆ ಪರಿಚಯದವರಾಗಿರುತ್ತಾರೆ.