ನಮ್ಮ ಬಚ್ಚಲಿಗಿಂತ ತಗ್ಗಿನ ಗುಡ್ಡ

ಎಡಿನ್‌ಬರೋದಲ್ಲಿರುವ ಮಗಳ ಮನೆಗೆ ಹೋಗಿ ವಾರವಾಗಿತ್ತು. ತಿನ್ನುವುದು, ಮಲಗುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅಳಿಯಂದಿರು, "ಮಾವ, ನಾಳೆ ಪೆಂಟ್‌ಲ್ಯಾಂಡ್ ಗುಡ್ಡಗಳಿಗೆ ಹೋಗಿಬರೋಣ್ವಾ? ಸುಸ್ತಾಗುತ್ತೆ ಅಂದ್ರೆ ಬೇಡ" ಎಂದರು.

ಆ ಕಡೇ ಮಾತು ಆಡಬಾರದಿತ್ತು.

"ಎಷ್ಟೆತ್ತರ?" ಅಂದೆ.

"ಎಲ್ಲಕ್ಕಿಂತ ಎತ್ತರದ್ದು ಸ್ಕಾಲ್ಡ್ ಲಾ. 579 ಮೀಟರ್."

ನಗು ಬಂತು. ಬೆಂಗಳೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಅಂದರೆ ನಮ್ಮ ಮನೆಯ ಬಚ್ಚಲು ಕೂಡ ಆ ಗುಡ್ಡದ ನೆತ್ತಿಗಿಂತ ಎತ್ತರ! ಅದನ್ನು ಹೇಳಿಯೂ ಬಿಟ್ಟೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಬಚ್ಚಲಿಗೆ ಯಾರೂ ಸಮುದ್ರದಿಂದ ನಡ್ಕೊಂಡು ಬರಲ್ಲ ಕಣ್ರೀ" ಎಂದಳು.

ನೈಸ್ಮಿತ್ ಎಂಬ ಸ್ಕಾಟ್ಲೆಂಡಿನವರು ಗುಡ್ಡ ಹತ್ತಲು ಎಷ್ಟು ಹೊತ್ತು ಬೇಕು ಅಂತ 1892ರಲ್ಲೇ ಒಂದು ಲೆಕ್ಕ ಹಾಕಿಟ್ಟಿದ್ದಾರೆ. 3 ಮೈಲಿಗೆ ಒಂದು ಗಂಟೆ, 2000 ಅಡಿ ಏರಿದರೆ ಮೇಲೊಂದು ಗಂಟೆ. ನಾನು 35 ವರ್ಷ ಬ್ಯಾಂಕಿನಲ್ಲಿದ್ದವನು. ಐದು ಗುಡ್ಡ, ಹತ್ತು ಮೈಲಿ, ನಾಲ್ಕೂವರೆ ಗಂಟೆ ಎಂದು ಅಲ್ಲೇ ಕೂಡಿ ಹೇಳಿದೆ. ಮಂಡಿ ಸವೆತಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಬೆಳಿಗ್ಗೆ ಫ್ಲಾಟರ್‌ಸ್ಟೋನ್‌ನಲ್ಲಿ ಬಸ್ಸಿಳಿದೆವು. ಮೊದಲನೆಯದು ಟರ್ನ್‌ಹೌಸ್. ಹುಲ್ಲುಗುಡ್ಡ, ನೋಡಲು ಸಾಧು. ಹತ್ತೇ ನಿಮಿಷಕ್ಕೆ ನನ್ನ ಎದೆ ಹಳೇ ಗ್ರೈಂಡರಿನ ಹಾಗೆ ಸದ್ದು ಮಾಡತೊಡಗಿತು. ಅಳಿಯನ ಮುಂದೆ ಏದುಸಿರು ಬಿಡುವುದು ಹೇಗೆ? ಅಷ್ಟರಲ್ಲಿ ಒಂದು ಕುರಿ ಕಂಡಿತು. ನಿಂತೆ. "ಒಳ್ಳೇ ಉಣ್ಣೆ ಅಲ್ವಾ?" ಅಂದೆ. "ಹೌದು ಮಾವ" ಎಂದರು. ಇಪ್ಪತ್ತು ಹೆಜ್ಜೆಗೆ ಇನ್ನೊಂದು ಕುರಿ. ಅದರ ಉಣ್ಣೆಯನ್ನೂ ಹೊಗಳಿದೆ.

ಖಾಸಗಿ ಜಮೀನಿನಲ್ಲೂ ಜನ ಓಡಾಡಬಹುದು ಅಂತ ಅಲ್ಲಿ 2003ರ ಕಾನೂನೇ ಇದೆ. ಆದರೆ ಮುಚ್ಚಿದ್ದ ಗೇಟನ್ನು ಮುಚ್ಚಿಯೇ ಹೋಗಬೇಕು. ಆ ಜವಾಬ್ದಾರಿ ನಾನೇ ವಹಿಸಿಕೊಂಡೆ. ಲಾಕರ್ ರೂಮಿನ ಅಭ್ಯಾಸ ನೋಡಿ, ಪ್ರತಿ ಚಿಲಕವನ್ನೂ ಎರಡೆರಡು ಸಲ ಎಳೆದು ಪರೀಕ್ಷಿಸಿದೆ.

ಅಳಿಯಂದಿರಿಗೆ ಮಾತ್ರ ಶೂ ಲೇಸಿನ ಕಾಟ. ಕಾಲು ಗಂಟೆಗೊಮ್ಮೆ ಬಿಚ್ಚಿಹೋಗುತ್ತಿತ್ತು. ಕಲ್ಲಿನ ಮೇಲೆ ಕೂತು ನಿಧಾನವಾಗಿ ಕಟ್ಟುತ್ತಿದ್ದರು, ಅದೂ ಎರಡೂ ಕಾಲಿನದ್ದು. ಈಗಿನ ಶೂಗಳೇ ಹೀಗೆ ಅಂದುಕೊಂಡೆ.

ಸಾಲುಗುಡ್ಡವೂ ಒಂದು ಥರ ಸಾಲವೇ. ಒಂದನ್ನು ಹತ್ತಿ ಗಳಿಸಿದ ಎತ್ತರವನ್ನು ಮುಂದಿನದಕ್ಕೆ ಹೋಗುವಾಗ ಇಳಿದು ವಾಪಸ್ ಕೊಡಬೇಕು. ಎಷ್ಟು ಕಟ್ಟಿದರೂ ಅಸಲು ಹಾಗೇ ಎದುರಿಗೆ ನಿಂತಿರುತ್ತದೆ.

ಎರಡನೆಯದು ಕಾರ್ನೆಥಿ. ನೆತ್ತಿಯಲ್ಲಿ ಕಲ್ಲಿನ ಭಾರೀ ರಾಶಿ, ಅದು ಕಂಚಿನ ಯುಗದ ಸಮಾಧಿ ಅಂತೆ. ಆ ಗಾಳಿಗೆ ಬೇರೆಲ್ಲೂ ಕೂರುವ ಹಾಗಿರಲಿಲ್ಲ. ಯಾರ ಮನೆಯ ಹಿರಿಯರೋ, ಅವರಿಗೆ ಬೆನ್ನು ಕೊಟ್ಟು ಮೊಸರನ್ನದ ಡಬ್ಬಿ ತೆಗೆದೆವು. ಮನಸ್ಸು ತಡೆಯದೆ ಒಂದು ತುತ್ತು ಕಲ್ಲಿನ ಮೇಲಿಟ್ಟೆ. ಕಾಗೆ ಬರಲಿಲ್ಲ. ಕುರಿ ಬಂತು. ತುತ್ತನ್ನು ಮೂಸಿ, ಅಲ್ಲೇ ಬಿಟ್ಟು, ನನ್ನ ಡಬ್ಬಿಗೇ ಬಾಯಿ ಹಾಕಿತು. ಆಮೇಲೆ ನಾನು ಯಾವ ಕುರಿಯ ಉಣ್ಣೆಯನ್ನೂ ಹೊಗಳಲಿಲ್ಲ.

ಅಲ್ಲಿಂದ ಇಳಿದರೆ ಒಂದು ಹಳೇ ದಾರಿ ಅಡ್ಡ ಬರುತ್ತದೆ. ಹಿಂದೆ ಜನ ಚರ್ಚಿಗೆ ಹೋಗಿಬರುತ್ತಿದ್ದದ್ದು. ಬಲಕ್ಕೆ ತಿರುಗಿದರೆ ಲೋಗನ್‌ಲೀ ಜಲಾಶಯ, ಆಮೇಲೆ ಟಾರು ರಸ್ತೆ, ಬಸ್ಸು. ಇಬ್ಬರೂ ಆ ದಾರಿಯನ್ನು ಮಂಗಳಾರತಿ ನೋಡುವ ಹಾಗೆ ನೋಡುತ್ತ ನಿಂತೆವು.

"ಮಾವ, ನಿಮಗೆ ಸಾಕು ಅನಿಸಿದ್ರೆ..."

"ಛೇ ಛೇ, ನನಗೇನು? ನಿಮಗೆ ಸಾಕಾಯ್ತಾ?"

"ನನಗೇನಿಲ್ಲ ಮಾವ."

ಹೀಗೆ ಮರ್ಯಾದೆ ಕೊಟ್ಟು ತೆಗೆದುಕೊಂಡು ಸ್ಕಾಲ್ಡ್ ಲಾ ಹತ್ತಿದೆವು. ಆ ಕಡೆ ಲಾ ಅಂದರೆ ಗುಡ್ಡ. ನಾನು ನಿಜವಾಗಿ ಫಾದರ್-ಇನ್-ಲಾ ಆದದ್ದು ಅವತ್ತೇ.

ಉಳಿದೆರಡು ಗುಡ್ಡ, ಈಸ್ಟ್ ಕಿಪ್, ವೆಸ್ಟ್ ಕಿಪ್ ಬಗ್ಗೆ ಕೇಳಬೇಡಿ. ಮೋಡದಲ್ಲಿ ಏನೂ ಕಾಣಲಿಲ್ಲ. ಇಳಿಯುವಾಗ ಹಸಿರು ಪಾಚಿಯನ್ನು ನೆಲ ಅಂದುಕೊಂಡು ಕಾಲಿಟ್ಟೆ. ಮೊಣಕಾಲಿನವರೆಗೆ ಹೂತೆ. ಕಾಲು ಬಂತು, ವಾಕಿಂಗ್ ಶೂ ಬರಲಿಲ್ಲ. ಅಳಿಯಂದಿರು ತೋಳು ಮಡಚಿ, ಎಮ್ಮೆ ಈಯುವಾಗ ಕರು ಎಳೆದ ಹಾಗೆ ಅದನ್ನು ಎಳೆದು ತೆಗೆದರು. ಆಗಲೇ ನಾಯಿ ಹಿಡಿದುಕೊಂಡು ಒಬ್ಬ ಅಜ್ಜಿ ಬಂದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಜಿಟಿಜಿಟಿ ಮಳೆಯಲ್ಲಿ "ಲವ್ಲಿ ಡೇ" ಅಂದು ಸರಸರನೆ ಮೇಲೆ ಹತ್ತಿಹೋದರು.

ನಾಲ್ಕೂವರೆ ಗಂಟೆಯ ದಾರಿ ಏಳೂವರೆ ಗಂಟೆಗೆ ಮುಗಿಯಿತು. ಮನೆಯಲ್ಲಿ ಕೇಳಿದಾಗ ಇಬ್ಬರೂ ಒಂದೇ ಬಾಯಲ್ಲಿ, "ಏನಿಲ್ಲ, ಸುಮ್ನೆ ಸಣ್ಣ ಗುಡ್ಡ" ಎಂದೆವು.

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ತೊಡೆ ಮಾತು ಕೇಳುತ್ತಿರಲಿಲ್ಲ. ಯಾರೂ ಇಲ್ಲದ್ದು ನೋಡಿ, ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯತೊಡಗಿದೆ. ಎರಡನೇ ಮಹಡಿಯ ತಿರುವಿನಲ್ಲಿ ಕಾಲಿಗೆ ಏನೋ ತಗುಲಿತು. ಕಸದ ಚೀಲ. ಪಕ್ಕದಲ್ಲೇ ಅಳಿಯಂದಿರು ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಗಡಬಡಿಸಿ ಬಗ್ಗಿ, "ಲೇಸು ಬಿಚ್ಚಿತ್ತು ಮಾವ" ಎಂದರು.

ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ.

"ನಿಧಾನವಾಗಿ ಕಟ್ಟಿಕೊಳ್ಳಿ" ಎಂದು ನಾನೂ ಪಕ್ಕದಲ್ಲಿ ಕೂತೆ.