ಹಿಮದ ಫೋಟೋಗೆ ಎಕ್ಸ್‌ಪೋಷರ್ ಇಳಿಸಬೇಡಿ

ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತಿದೆ. "ಆಲ್ಪ್ಸ್‌ಗೆ ಹೋಗುವವರು ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಿ, ಹಿಮ ತುಂಬಾ ಬೆಳ್ಳಗಿರುತ್ತೆ. ಹಿಮದ ನೆರಳು ನೀಲಿ ಕಂಡರೆ ಅದು ಎಡಿಟ್ ಮಾಡಿದ ಫೋಟೋ." ಎಕ್ಸ್‌ಪೋಷರ್ ಅಂದರೆ ಫೋಟೋಗೆ ಸಿಗುವ ಬೆಳಕಿನ ಪ್ರಮಾಣ; ಒಂದು ಸ್ಟಾಪ್ ಏರಿಸಿದರೆ ಅದು ಎರಡರಷ್ಟು, ಇಳಿಸಿದರೆ ಅರ್ಧ. ಸಲಹೆಯ ಎರಡೂ ಮಾತು ತಪ್ಪು. ಮೊದಲನೆಯದನ್ನು ನಂಬಿದರೆ ಅಷ್ಟು ದುಡ್ಡು ಸುರಿದು ಹೋದ ಪ್ರವಾಸದ ಫೋಟೋಗಳೆಲ್ಲ ಮಂಕಾಗುತ್ತವೆ.

ಎದುರಿಗಿರುವುದು ಹಿಮವೋ ಕರಿಬಂಡೆಯೋ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಫ್ರೇಮ್ ತುಂಬ ಹಿಮವಿದ್ದರೆ ಮೀಟರೇ ಬೆಳಕನ್ನು ಕಡಿಮೆ ಮಾಡಿಬಿಟ್ಟಿರುತ್ತದೆ. ಮೇಲಿಂದ ನಾವೂ ಇಳಿಸಿದರೆ ಇನ್ನೇನಾಗುತ್ತೆ, ಹಿಮವೆಲ್ಲ ಬೂದಿ. ಹಾಗಾಗಿ ಏರಿಸಬೇಕು, ಸಾಮಾನ್ಯವಾಗಿ ಒಂದರಿಂದ ಎರಡು ಸ್ಟಾಪ್. ಬಿಸಿಲು ಬಿದ್ದ ಕಡೆ ಹಿಮದ ಗೆರೆಗಳು ಅಳಿಸಿಹೋಗದಂತೆ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ಗ್ರಾಫ್) ಮೇಲೆ ಕಣ್ಣಿಡಿ.

ಇದನ್ನು ಮನೆಯಲ್ಲೇ ನೋಡಬಹುದು. ಕೋಥ್ರೂಡ್‌ನ ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ್ದ ಬಿಳಿ ಪಂಚೆಯನ್ನು ಫ್ರೇಮ್ ತುಂಬ ಹಿಡಿದು ತೆಗೆದೆ. ಏನೂ ಬದಲಿಸದೆ ತೆಗೆದಾಗ ವಾರದಿಂದ ಒಗೆಯದ ಪಂಚೆ ಹಾಗಿತ್ತು. ಒಂದೂವರೆ ಸ್ಟಾಪ್ ಏರಿಸಿದಾಗ ಬೆಳ್ಳಗಾಯಿತು, ನೂಲಿನ ಎಳೆಗಳೂ ಕಂಡವು.

ಇನ್ನು ನೀಲಿ ನೆರಳು. ಸ್ವಿಟ್ಜರ್ಲೆಂಡ್‌ನ ಐಗರ್ ಶಿಖರದ ಎತ್ತರ 3,967 ಮೀಟರ್. ಅದರ ಉತ್ತರ ಮುಖವೇ ಸುಮಾರು 1,800 ಮೀಟರ್‌ನ ಗೋಡೆ, ದಿನದ ಬಹುಪಾಲು ನೆರಳಲ್ಲೇ ಇರುತ್ತದೆ. ಆ ನೆರಳಿಗೆ ಬೆಳಕು ಕೊಡುವುದು ಮುಖ್ಯವಾಗಿ ನೀಲಿ ಆಕಾಶ ಅಲ್ವಾ, ಹಾಗಾಗಿ ಹಿಮವೂ ನೀಲಿಯೇ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಸೆಟ್ಟಿಂಗನ್ನು ಡೇಲೈಟ್‌ನಲ್ಲಿಟ್ಟರೆ ಆ ಬಣ್ಣ ಉಳಿಯುತ್ತದೆ. ಜಾಸ್ತಿ ಅನ್ನಿಸಿದರೆ ಸ್ವಲ್ಪ ಇಳಿಸಿ, ಪೂರ್ತಿ ತೆಗೆಯಬೇಡಿ.

ಆ ಸಲಹೆ ಬಂದ ಗುಂಪಿನಲ್ಲೇ ದಯವಿಟ್ಟು ಇದನ್ನೂ ಹಾಕಿ.