ಗಾಳಿ ಹೋದ ಸೈಕಲ್ಲು, ಗಾಳಿಯಾಡದ ಬ್ಯಾಗು

ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎನ್ನುತ್ತಿದ್ದರು. ಆ ಕಾಲದ ಸಾಕ್ಷಿಯೊಬ್ಬರು ಕೊತ್ರೂಡದ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲೇ ಇದ್ದಾರೆ. ಮೆತ್ತೆ ಹೊಲಿದ ಸೈಕಲ್ ಚಡ್ಡಿ ತೊಟ್ಟು ನಾನು ಮೊದಲ ಸಲ ಮೆಟ್ಟಿಲಿಳಿದಾಗ ಆ ಆಜೋಬಾ, ಅಂದರೆ ಅಜ್ಜ, ಪೇಪರಿನಿಂದ ತಲೆಯೆತ್ತಿ, ನನ್ನನ್ನು ಹಿಂದೆ ಮುಂದೆ ನೋಡಿ, ಗಾದಿ ಹಾಕಬೇಕಾದ್ದು ಸೀಟಿಗಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು.

ಆಫೀಸಿನ ಹನ್ನೆರಡು ಜನ ಏಳು ದಿನದಲ್ಲಿ ಗೋವಾಕ್ಕೆ ಸೈಕಲ್ ತುಳಿಯುವುದೆಂದು ನಿರ್ಧಾರವಾಗಿತ್ತು. ಸಾತಾರಾ, ಕರಾಡ, ಕೊಲ್ಲಾಪುರ, ನಿಪ್ಪಾಣಿ, ಆಮೇಲೆ ಅಂಬೋಲಿ ಘಾಟ್ ಇಳಿದು ಸಾವಂತವಾಡಿ. ಹೆಚ್ಚೂಕಡಿಮೆ 450 ಕಿ.ಮೀ. ದಿನಕ್ಕೆ 65, ಏನು ಮಹಾ ಎಂದು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಧಾರವಾಡದಲ್ಲಿ ದಿನಾ ಸೈಕಲ್ ಮೇಲೆ ಹೈಸ್ಕೂಲಿಗೆ ಹೋಗುತ್ತಿದ್ದವ ನಾನು. ಅದಾಗಿ ಮೂವತ್ತೆರಡು ವರ್ಷವಾಯಿತೆಂಬುದು, ತಾಲೀಮಿಗೆಂದು ಹೊರಟ ಮೊದಲ ದಿನ, ಊರಂಚಿನ ಕಾತ್ರಜದ ಹಳೇ ಘಾಟಿನ ಎರಡನೇ ತಿರುವಿನಲ್ಲಿ ನೆನಪಾಯಿತು. ಏದುಸಿರು ಬಂದಾಗಲೆಲ್ಲ ಇಳಿದು ಫೋಟೋ ತೆಗೆಯುವ ನೆಪ ಮಾಡಿದೆ. ಸುರಂಗ ಮುಟ್ಟುವಷ್ಟರಲ್ಲಿ ಮೊಬೈಲಿನಲ್ಲಿ ಒಂದೇ ಗುಡ್ಡದ ಹದಿನೇಳು ಫೋಟೋ.

ಆ ಚಡ್ಡಿಯೊಳಗೆ ಬೇರೇನೂ ಹಾಕಬಾರದಂತೆ, ಹೊಲಿಗೆ ಉಜ್ಜಿ ಚರ್ಮ ಸುಲಿಯುತ್ತದಂತೆ. ಇದನ್ನು ಮೊದಲೇ ಹೇಳುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಎರಡು ದಿನ ಮೀಟಿಂಗುಗಳನ್ನೆಲ್ಲ ನಿಂತೇ ಮುಗಿಸಿದೆ. ಬೇಗ ಮುಗಿದವೆಂದು ಬಾಸ್ ಮೆಚ್ಚಿಕೊಂಡರು.

ಮುಂದಿನ ಭಾನುವಾರದ ತಾಲೀಮು ಖಡಕವಾಸ್ಲಾ ಡ್ಯಾಮಿಗೆ. ಘಾಟಿಲ್ಲ, ಸುಖವೆಂದುಕೊಂಡೆ. ವಾಪಸು ಬರುವಾಗ ಸಿಂಹಗಡ ರಸ್ತೆಯಲ್ಲಿ ಹಿಂದಿನ ಗಾಲಿ ಮೆತ್ತಗಾಯಿತು. ಪಂಕ್ಚರ್ ಅಂಗಡಿಯವನು ನನ್ನ ಟ್ಯೂಬಿನ ವಾಲ್ವ್ ನೋಡಿ, "ಹೇ ಕಾಯ್, ಸುಯಿ?" ಎಂದ. ಸೂಜಿಯಂತೆಯೇ ಇತ್ತು. ದುಬಾರಿ ಸೈಕಲ್ಲುಗಳ ಪ್ರೆಸ್ಟಾ ವಾಲ್ವ್ ಅದು. ಸಣ್ಣಗಿರುತ್ತದೆ, ತುದಿಯ ಪುಟ್ಟ ನಟ್ಟು ಸಡಿಲಿಸಿದರಷ್ಟೇ ಬಾಯಿ ಬಿಡುತ್ತದೆ. ಬೈಕು, ಕಾರಿಗೆ ಗಾಳಿ ಹಾಕುವ ಪೈಪು ಅದಕ್ಕೆ ಕೂರುವುದಿಲ್ಲ. ಅವನು ಛಲ ಬಿಡದೆ ಒತ್ತಿದ. ಟೈರಿನಲ್ಲಿ ಉಳಿದಿದ್ದ ಅಷ್ಟಿಷ್ಟು ಗಾಳಿಯೂ ಪುಸ್ಸೆಂದು ಹೋಯಿತು. ಇದಕ್ಕೆಂದೇ ಬೆರಳ ತುದಿಯಷ್ಟು ಗಾತ್ರದ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ. ನನ್ನ ಹತ್ತಿರವೂ ಇತ್ತು. ಕಳೆದುಹೋದೀತೆಂದು ಮನೆಯ ಕಪಾಟಿನಲ್ಲಿ ಭದ್ರವಾಗಿಟ್ಟಿದ್ದೆ. ರಿಕ್ಷಾದವರು ಸೈಕಲ್ ನೋಡುತ್ತಲೇ ಮುಖ ತಿರುಗಿಸಿದರು. ನಲವತ್ತು ಸಾವಿರದ ಸೈಕಲ್ಲನ್ನು ಎಮ್ಮೆಯಂತೆ ನಡೆಸಿಕೊಂಡು ಮನೆ ಸೇರಿದಾಗ ಆಜೋಬಾ ಬಾಗಿಲಲ್ಲೇ ಇದ್ದರು. ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಉಳಿದದ್ದು ಬ್ಯಾಗು. ಜೊತೆಗೆ ಬರುವ ಟೆಂಪೋದಲ್ಲಿ ತಲೆಗೆ ಎಂಟು ಕಿಲೋ ಮಾತ್ರ. ಎರಡು ಟ್ಯೂಬು, ಟೈರ್ ಕಳಚುವ ಕಡ್ಡಿ, ಓಆರ್‌ಎಸ್ ಪೊಟ್ಟಣ, ರೇನ್‌ಕೋಟು, ಮತ್ತು ಈ ಸಲ ಆ ಅಡಾಪ್ಟರು. ಹೆಂಡತಿ ಶೇಂಗಾ ಚಟ್ನಿಯ ಡಬ್ಬಿ, ಕಟಕ ರೊಟ್ಟಿಯ ಕಟ್ಟು ತಂದಳು.

"ಜಾಗಾ ಇಲ್ಲಲೇ."

"ರೊಟ್ಟಿ ಹಗರ ಇರ್ತಾವ್ರೀ, ಗಾಳಿ ಇದ್ದಂಗ. ನಿಮ್ಮ ಟ್ಯೂಬಿನ್ಯಾಗಂತೂ ಅದೂ ಇರೂದಿಲ್ಲ."

ತೂಕದ ಯಂತ್ರದ ಮೇಲೆ ಒಬ್ಬನೇ ನಿಂತೆ, 84. ಬ್ಯಾಗು ಎತ್ತಿಕೊಂಡು ನಿಂತೆ, 92. ಸರಿಯಾಗಿ ಎಂಟು. ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಐದಕ್ಕೆ ಟೆಂಪೋ ಹತ್ತಿರ ಬ್ಯಾಗನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿದರು. ಹತ್ತು! ಹನ್ನೊಂದು ಜನರ ಕಣ್ಣೆದುರು ಬಿಚ್ಚಿದೆ. ಎಲ್ಲಕ್ಕೂ ಕೆಳಗೆ, ರೇನ್‌ಕೋಟಿನ ಮಡಿಕೆಯೊಳಗೆ ಎರಡು ಕಿಲೋ ಭಾಕರವಡಿ, ಪುಣೆಯ ಕರಿದ ಖಾರದ ತಿಂಡಿ. ಮನೆಗೆ ಫೋನು ಹಚ್ಚಿದೆ.

"ನಿಪ್ಪಾಣಿ ಕಾಕೂಗ ರೀ. ಹೆಂಗೂ ಅವರ ಮನಿ ಮುಂದಿಂದನ ಹೊಂಟೀರಿ."

"ಎರಡು ಕಿಲೋ ಹೆಚ್ಚಾಗೇತಿ, ಒಯ್ಯೂದಿಲ್ಲಂತಾರ!"

"ಹಂಗಾರ ನಿಮ್ಮ ಪ್ಯಾಂಟ್ ತಗದಿಡ್ರಿ. ಗೋವಾದಾಗ ಯಾರ್ ಹಾಕ್ತಾರ ಪ್ಯಾಂಟು?"